ಮಾತನ್ನು ತಿದ್ದಿಕೊಂಡ ಮಹನೀಯ

ಮಿಂಚು ವಿದ್ಯುತ್ತೇ ಎಂದು ಸಾರಿದ ವಿಜ್ಞಾನಿಯಾಗಿಯೂ ಅಮೆರಿಕದ ಸ್ವಾತಂತ್ರ್ಯಕ್ಕಾಗಿ ದುಡಿದ ರಾಜನೀತಿಜ್ಞನಾಗಿಯೂ ಬೆಂಜಮಿನ್ ಫ್ರಾಂಕ್ಲಿನ್ನನು ಜಗದ್ವಿಖ್ಯಾತನು. ಅವನು ಬಹು ಶ್ರಮದಿಂದ ಗಳಿಸಿದ ಇನ್ನೊಂದು ಸಂಪತ್ತಿದೆ. ಅದು ವಿನಯದ ನುಡಿ.

ಫ್ರಾಂಕ್ಲಿನ್ನನು 1706ರ ಜನವರಿ 17ರಂದು ಬಾಸ್ಟನ್ ನಗರದಲ್ಲಿ ಜನಿಸಿದನು. ತಂದೆ ಸಾಬೂನು, ಮೇಣದ ಬತ್ತಿಗಳನ್ನು ತಯಾರಿಸಿ ಜೀವಿಸುತ್ತಿದ್ದನು. ಬಾಲಕನಿಗೆ ದೊರೆತ ಶಾಲಾ ಶಿಕ್ಷಣ ಅತ್ಯಲ್ಪ. ಹನ್ನೆರಡನೆಯ ವಯಸ್ಸಿನಲ್ಲಿ ಅವನು ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿ, ಕೈಗೆ ಸಿಕ್ಕಿದ ಗ್ರಂಥಗಳನ್ನೆಲ್ಲ ಓದತೊಡಗಿದನು. ಓದಿನೊಡನೆ ವಾದದ ಚಪಲವೂ ಬೆಳೆಯಿತು. ಸಾಕ್ರಟೀಸನಂತೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ, ತನಗಿಂತ ತಿಳಿದವರನ್ನೂ ಇಕ್ಕಟ್ಟಿಗೆ ಸಿಲುಕಿಸಿ ಅವನು ಹಿಗ್ಗುತ್ತಿದ್ದನು.

1723ರಲ್ಲಿ ಫ್ರಾಂಕ್ಲಿನ್ನನು ಫಿಲಡೆಲ್ಫಿಯ ನಗರಕ್ಕೆ ಹೋದನು. ಕೆಲವು ವರ್ಷಗಳಲ್ಲಿ ಸ್ವಂತ ಮುದ್ರಣಾಲಯಕ್ಕೆ ಒಡೆಯನಾದನು. ತನ್ನ ನಡತೆಯನ್ನು ತಿದ್ದಿಕೊಳ್ಳಲು ಹನ್ನೆರಡು ಸದ್ಗುಣಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದನು. ವಾರಕ್ಕೊಂದು ಗುಣದ ಕಡೆಗೆ ವಿಶೇಷ ಗಮನವಿಟ್ಟು, ತಪ್ಪಿದಾಗಲೆಲ್ಲ ಪುಟ್ಟ ಪುಸ್ತಕವೊಂದರಲ್ಲಿ ಕಪ್ಪು ಚುಕ್ಕೆ ಇಡುವುದು ಅವನ ಕ್ರಮವಾಗಿತ್ತು.

ಆ ಪಟ್ಟಿಯಲ್ಲಿದ್ದ ಕೊರತೆಯನ್ನು ಮಿತ್ರನೊಬ್ಬನು ಕಂಡನು. ಚರ್ಚೆಯಲ್ಲಿ ಗೆದ್ದರೆ ಸಾಲದೆಂಬಂತೆ ಫ್ರಾಂಕ್ಲಿನ್ನನು ಎದುರಾಳಿಯನ್ನು ಹೀಯಾಳಿಸುವನೆಂದೂ ಜನರು ಅವನನ್ನು ಗರ್ವಿಷ್ಠನೆಂದು ಬಗೆದಿರುವರೆಂದೂ ನಿದರ್ಶನಗಳೊಡನೆ ತಿಳಿಸಿದನು. ಫ್ರಾಂಕ್ಲಿನ್ನನು ಆ ಮಾತನ್ನು ಮನ್ನಿಸಿ, ವಿನಯವನ್ನು ಹದಿಮೂರನೆಯ ಗುಣವಾಗಿ ಸೇರಿಸಿಕೊಂಡನು.

ಅಂದಿನಿಂದ ನಿಸ್ಸಂದೇಹವಾಗಿ, ಖಂಡಿತವಾಗಿ ಎಂಬಂತಹ ಪದಗಳನ್ನು ಅವನು ತ್ಯಜಿಸಿದನು. ತನಗೆ ಸದ್ಯಕ್ಕೆ ಹೀಗೆ ತೋರುತ್ತದೆ ಎಂದಷ್ಟೇ ನುಡಿಯತೊಡಗಿದನು. ಇತರರ ಮಾತು ತಪ್ಪೆನಿಸಿದರೂ ಥಟ್ಟನೆ ಖಂಡಿಸುತ್ತಿರಲಿಲ್ಲ. ಕೆಲವು ಸಂದರ್ಭಗಳಲ್ಲಿ ಅದು ಸರಿಯಿರಬಹುದೆಂದು ಒಪ್ಪಿ, ಪ್ರಸ್ತುತ ವಿಷಯದಲ್ಲಿ ಭಿನ್ನವಾಗಿ ಕಾಣುತ್ತದೆಂದು ಮೆಲ್ಲನೆ ತಿಳಿಸುತ್ತಿದ್ದನು. ಮೊದಮೊದಲು ಇದು ಕಷ್ಟವೆನಿಸಿದರೂ ಬರಬರುತ್ತ ಅಭ್ಯಾಸವಾಯಿತು. ಅವನ ಅಭಿಪ್ರಾಯಗಳಿಗೆ ವಿರೋಧ ತಗ್ಗಿತು. ತನ್ನದೇ ತಪ್ಪಾದಾಗ ಪಡುವ ನಾಚಿಕೆಯೂ ಕಡಿಮೆಯಾಯಿತು. ಅವನು ಒಳ್ಳೆಯ ವಾಗ್ಮಿಯಲ್ಲ, ಪದಗಳಿಗಾಗಿ ತಡವರಿಸುತ್ತಿದ್ದನು. ಆದರೂ ಸಭೆಗಳಲ್ಲಿ ಅವನ ಮಾತಿಗೆ ಮನ್ನಣೆಯಿತ್ತು.

1787ರಲ್ಲಿ ಅಮೆರಿಕದ ಸಂವಿಧಾನವನ್ನು ರಚಿಸಲು ಫಿಲಡೆಲ್ಫಿಯದಲ್ಲಿ ಸಭೆ ಸೇರಿದಾಗ ಅವನಿಗೆ 81 ವರ್ಷ. ತಿಂಗಳುಗಟ್ಟಲೆ ವಾದವಿವಾದಗಳು ನಡೆದವು. ಕೊನೆಯ ದಿನ, ಸೆಪ್ಟೆಂಬರ್ 17ರಂದು, ಅವನು ಬರೆದು ತಂದಿದ್ದ ಭಾಷಣವನ್ನು ಜೇಮ್ಸ್ ವಿಲ್ಸನ್ ಓದಿದನು. ಸಂವಿಧಾನದ ಕೆಲವು ಅಂಶಗಳು ತನಗೂ ಒಪ್ಪಿಗೆಯಿಲ್ಲವೆಂದೂ, ಆದರೆ ಪ್ರತಿಯೊಬ್ಬರೂ ತಾವು ಎಂದಿಗೂ ತಪ್ಪುವುದಿಲ್ಲವೆಂಬ ನಂಬಿಕೆಯನ್ನು ತುಸು ಶಂಕಿಸಿ ಸಹಿ ಹಾಕಬೇಕೆಂದೂ ಅದರಲ್ಲಿ ವಿನಂತಿಸಿದ್ದನು. ಮೂವರು ಒಪ್ಪಲಿಲ್ಲ, 39 ಮಂದಿ ಸಹಿ ಹಾಕಿದರು.

1790ರ ಏಪ್ರಿಲ್ 17ರಂದು ಫ್ರಾಂಕ್ಲಿನ್ನನು ನಿಧನನಾದನು. ಗರ್ವವನ್ನು ಪೂರ್ಣವಾಗಿ ಗೆಲ್ಲಲಾಗಲಿಲ್ಲವೆಂದೂ, ಗೆದ್ದಿದ್ದರೆ ತನ್ನ ವಿನಯಕ್ಕಾಗಿಯೇ ಗರ್ವಪಡುತ್ತಿದ್ದೆನೆಂದೂ ಆತ್ಮಕಥೆಯಲ್ಲಿ ಅವನು ಒಪ್ಪಿಕೊಂಡಿದ್ದಾನೆ. ತನ್ನ ದೋಷವನ್ನು ಹೀಗೆ ಬಚ್ಚಿಡದೆ ಹೇಳಿಕೊಂಡುದೇ ಅವನ ವಿನಯಕ್ಕೆ ಸಾಕ್ಷಿ.