ಪ್ಲಾಸ್ಟಿಕ್ ಉಕ್ಕಿಗಿಂತ ಗಟ್ಟಿಯಾಗುತ್ತದೆಯೇ? ಸ್ಟೌಡಿಂಗರ್ ಕಥೆ ಕೇಳಿ

ಚಿಟಿಕೆ ಕಾರ್ಬನ್ ನ್ಯಾನೋಟ್ಯೂಬ್ ಬೆರೆಸಿದರೆ ಸಾಕು, ಪ್ಲಾಸ್ಟಿಕ್ ಉಕ್ಕನ್ನೂ ಮೀರಿಸುತ್ತದೆ ಎಂಬ ಸಂದೇಶ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ತಿಳಿಯಲು ನಾವು ಹರ್ಮನ್ ಸ್ಟೌಡಿಂಗರ್ ಅವರ ಬದುಕನ್ನು ನೋಡಬೇಕು.

ಜರ್ಮನಿಯ ವರ್ಮ್ಸ್‌ನಲ್ಲಿ 1881ರಲ್ಲಿ ಹುಟ್ಟಿದ ಸ್ಟೌಡಿಂಗರ್, 1920ರಲ್ಲಿ ಜ್ಯೂರಿಕ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ರಬ್ಬರ್‌ನಂಥ ವಸ್ತುಗಳ ಅಣುಗಳು ಬಹಳ ಉದ್ದದ ಸರಪಳಿಗಳು ಎಂದು ಆ ವರ್ಷ ಬರೆದರು. ದೊಡ್ಡ ದೊಡ್ಡ ರಸಾಯನಶಾಸ್ತ್ರಜ್ಞರೇ ಒಪ್ಪಲಿಲ್ಲ. ಅಷ್ಟು ದೊಡ್ಡ ಅಣು ಇರಲಾರದು, ಸಣ್ಣ ಅಣುಗಳೇ ಗುಂಪುಗೂಡಿ ಅಂಟಿಕೊಂಡಿವೆ ಎಂಬುದು ಅವರ ನಂಬಿಕೆ. ಹೆಸರು ಮಾಡಿದ್ದ ಪ್ರಾಧ್ಯಾಪಕರೊಬ್ಬರು ಇದಕ್ಕಾಗಿ ತಮ್ಮ ಮರ್ಯಾದೆಯನ್ನೇ ಪಣಕ್ಕಿಟ್ಟಂತಾಯಿತು.

ಅವರು ವಾದಕ್ಕಿಂತ ಪ್ರಯೋಗ ನೆಚ್ಚಿದರು. ರಬ್ಬರ್‌ನಲ್ಲಿರುವ ಜೋಡಿ ಬಂಧಗಳೇ ಸಣ್ಣ ಅಣುಗಳನ್ನು ಅಂಟಿಸಿವೆ ಎನ್ನುವುದಾದರೆ, ಹೈಡ್ರೋಜನ್ ಸೇರಿಸಿ ಆ ಬಂಧಗಳನ್ನು ಇಲ್ಲವಾಗಿಸಿದಾಗ ರಬ್ಬರ್ ಸುಲಭವಾಗಿ ಆವಿಯಾಗುವ ದ್ರವವಾಗಬೇಕಿತ್ತು. ಆಗಲಿಲ್ಲ. ಹೆಚ್ಚುಕಡಿಮೆ ರಬ್ಬರ್‌ನಂತೆಯೇ ಉಳಿಯಿತು!

1926ರಲ್ಲಿ ಫ್ರೈಬರ್ಗ್‌ಗೆ ಹೋದ ಮೇಲೆ ಅವರ ಮುಖ್ಯ ಆಯುಧ ಒಂದು ಸಣ್ಣ ಗಾಜಿನ ನಳಿಕೆ. ದ್ರಾವಣ ಅದರೊಳಗೆ ಎಷ್ಟು ನಿಧಾನ ಹರಿಯುತ್ತದೆ ಎಂದು ಅಳೆದು ಸರಪಳಿಯ ಉದ್ದ ಅಂದಾಜು ಮಾಡುತ್ತಿದ್ದರು. ಪಾಯಸದಲ್ಲಿ ತುಂಡು ಶಾವಿಗೆ ಸಲೀಸಾಗಿ ಹರಿಯುತ್ತದೆ, ಉದ್ದ ಶಾವಿಗೆ ಸೌಟಿಗೆ ಸಿಕ್ಕಿಕೊಳ್ಳುತ್ತದಲ್ಲ, ಹಾಗೆ. ಆದರೆ ಸರಪಳಿಗಳು ಬಾಗದ ಕಡ್ಡಿಗಳು ಎಂದು ಅವರು ಹಟ ಹಿಡಿದಿದ್ದು ತಪ್ಪು. ಅವು ದಾರದಂತೆ ಮುದುಡಿಕೊಂಡಿರುತ್ತವೆ.

ಮೊದಲ ಮಹಾಯುದ್ಧದಲ್ಲಿ ವಿಷಾನಿಲವನ್ನು ವಿರೋಧಿಸಿದ್ದ ಅವರ ಮೇಲೆ, ನಾಜಿ ಆಡಳಿತ ಬಂದಾಗ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ತತ್ವಜ್ಞಾನಿ ಮಾರ್ಟಿನ್ ಹೈಡೆಗರ್ ಅವರೇ ದೂರು ಕೊಟ್ಟರು. ಹೇಗೋ ಕೆಲಸ ಉಳಿಯಿತು. ನೊಬೆಲ್ ಬಂದದ್ದು 1953ರಲ್ಲಿ, 72ನೇ ವಯಸ್ಸಿಗೆ. 1965ರಲ್ಲಿ ತೀರಿಕೊಂಡರು. ನ್ಯಾನೋಟ್ಯೂಬ್ ಜಗತ್ತಿನ ಗಮನ ಸೆಳೆದದ್ದು 1991ರಲ್ಲಿ.

ಈಗ ಆ ಸಂದೇಶಕ್ಕೆ ಬರೋಣ. ಒಂದೊಂದೇ ನ್ಯಾನೋಟ್ಯೂಬ್ ಉಕ್ಕಿಗಿಂತ ಬಲಶಾಲಿ, ಅದು ನಿಜ. ಸ್ಟೌಡಿಂಗರ್ ಊಹಿಸಿದ ಕಡ್ಡಿಗೆ ಇದೇ ಹೆಚ್ಚು ಹತ್ತಿರ. ಆದರೆ ಉದ್ದ, ತೆಳ್ಳಗಿನ ಇಂಥ ಕಡ್ಡಿ ಸ್ವಲ್ಪ ಬಿದ್ದರೂ ಕರಗಿದ ಪ್ಲಾಸ್ಟಿಕ್ ತುಂಬಾ ಮಂದವಾಗುತ್ತದೆ, ಅಚ್ಚಿಗೆ ಹರಿಸುವುದು ಕಷ್ಟ. ಪ್ಲಾಸ್ಟಿಕ್ ಸರಪಳಿಗಳು ಟ್ಯೂಬನ್ನು ಬಿಗಿಯಾಗಿ ಹಿಡಿಯದಿದ್ದರೆ ಎಳೆದಾಗ ಅದು ಜಾರಿ ಹೊರಬರುತ್ತದೆ. ಸರಿಯಾಗಿ ಹರಡದೆ ಗಂಟುಗಟ್ಟಿದರಂತೂ, ಬಿರುಕು ಆ ಗಂಟಿನಿಂದಲೇ ಶುರುವಾಗಬಹುದು.