ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಸಾಹೇಬರು

ಉಡುಪಿಯು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1882ನೆಯ ಇಸವಿಯಲ್ಲಿ, ವರ್ತಕ ಮನೆತನವೊಂದರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಜನಿಸಿದರು. ವ್ಯಾಪಾರದಿಂದ ಧನಿಕರಾದ ಅವರು ತಮ್ಮ ಐಶ್ವರ್ಯದಲ್ಲಿ ಊರಿಗೂ ಪಾಲುಂಟೆಂದು ನಡೆದುಕೊಂಡರು. ಬರಗಾಲದಲ್ಲಿ ಬರ್ಮಾ ದೇಶದಿಂದ ಹಡಗಿನಲ್ಲಿ ಅಕ್ಕಿ ತರಿಸಿ ಬಡವರಿಗೆ ಹಂಚಿದರೆಂದೂ, ಶ್ರೀಕೃಷ್ಣಮಠದ ಲಕ್ಷದೀಪೋತ್ಸವಕ್ಕೆ ಎಣ್ಣೆಯನ್ನೊದಗಿಸಿದರೆಂದೂ ಉಡುಪಿಯ ಹಿರಿಯರು ಹೇಳುವರು.

ಆಗ ಆ ಊರಿನಲ್ಲಿ ಬ್ಯಾಂಕು ಇರಲಿಲ್ಲ. ಹಣ ಬೇಕಾದವರು ಲೇವಾದೇವಿಗಾರರ ಬಾಗಿಲಿಗೇ ಹೋಗಬೇಕಾಗಿತ್ತು. ಈ ಕಷ್ಟವನ್ನು ಕಂಡ ಸಾಹೇಬರು ಮಿತ್ರರೊಡಗೂಡಿ, 5,000 ರೂಪಾಯಿಗಳ ಮೂಲಧನದಿಂದ, 1906ನೆಯ ಮಾರ್ಚಿ 12ರಂದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ತೆರೆದರು. ಆಗ ಅವರಿಗೆ 25 ವರ್ಷಗಳೂ ತುಂಬಿರಲಿಲ್ಲ. ಮೊದಲ ದಿನ ಬಂದುದು 38 ರೂಪಾಯಿ 13 ಆಣೆ 2 ಪೈ. ಎಲ್ಲ ವರ್ಗದವರಿಗೂ ಮಿತವ್ಯಯವನ್ನು ಕಲಿಸುವುದೇ ಅದರ ಉದ್ದೇಶವಾಗಿತ್ತು.

ಮುಂದೆ ಸಾಹೇಬರು ಮದರಾಸಿನ ಶಾಸನಸಭೆಯ ಸದಸ್ಯರಾದರು. ಉಡುಪಿಯ ಆಸ್ಪತ್ರೆಗಾಗಿ ನಿವೇಶನವನ್ನು ದಾನವಿತ್ತರು. 1935ರಲ್ಲಿ ಕಾಲವಶರಾದರು. ಅಲ್ಲಿಯ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯು ಅವರ ಹೆಸರನ್ನು ಹೊತ್ತಿದೆ.

ಅವರ ಬ್ಯಾಂಕು ಕಾರ್ಪೊರೇಷನ್ ಬ್ಯಾಂಕೆಂದು ಹೆಸರಾಗಿ, 1980ರಲ್ಲಿ ರಾಷ್ಟ್ರೀಕೃತವಾಗಿ, ನಮ್ಮ ಬೆಂಗಳೂರಿನಲ್ಲಿಯೂ ಪರಿಚಿತವಾಯಿತು. 2020ರಲ್ಲಿ ಅದು ಯೂನಿಯನ್ ಬ್ಯಾಂಕಿನೊಳಗೆ ವಿಲೀನವಾದುದರಿಂದ ಆ ಹೆಸರು ಫಲಕಗಳಿಂದ ಮರೆಯಾಯಿತು. ಆದರೂ ಸೋದರಿಯರೇ, 2 ಪೈಗಳನ್ನೂ ಲೆಕ್ಕದಲ್ಲಿ ಬರೆದುಕೊಂಡ ಆ ವಿವೇಕವೂ, ಸಂಪತ್ತನ್ನು ಮತಭೇದವೆಣಿಸದೆ ನೀಡಿದ ಆ ಔದಾರ್ಯವೂ ಒಬ್ಬರಲ್ಲಿಯೇ ಕೂಡಿದ್ದುವು. ನಮ್ಮ ಹೆಣ್ಣುಮಕ್ಕಳಿಗೆ ಇವೆರಡನ್ನೂ ಜೊತೆಯಾಗಿಯೇ ಕಲಿಸೋಣ. ಕೂಡಿಡಲರಿತ ಕೈಗೆ ಕೊಡುವುದೂ ತಿಳಿದಿರಲಿ.