ಪಂಡಿತಾ ರಮಾಬಾಯಿಯವರೂ ಮಗಳ ವಿದ್ಯಾಭ್ಯಾಸವೂ

ತೀರ್ಥಹಳ್ಳಿಯಲ್ಲಿ ಹರಿಯುವ ತುಂಗೆಯು ಹುಟ್ಟುವ ಸ್ಥಳಕ್ಕೆ ಗಂಗಾಮೂಲವೆಂದು ಹೆಸರು. ಪಶ್ಚಿಮಘಟ್ಟದ ಆ ಅಡವಿಯಲ್ಲಿಯೇ ಪಂಡಿತಾ ರಮಾಬಾಯಿಯವರು 1858ನೆಯ ಇಸವಿ ಏಪ್ರಿಲ್ 23ರಂದು ಜನಿಸಿದರು. ಪುಣೆಯವರೂ ಕಲ್ಕತ್ತೆಯವರೂ ಆಕೆಯನ್ನು ತಮ್ಮವರೆಂದು ಹೇಳಿಕೊಳ್ಳುವರು. ಹುಟ್ಟಿದ ನೆಲವು ನಮ್ಮ ಮಲೆನಾಡಿನದೇ ಸೆರಗೆಂಬುದನ್ನು ನಮ್ಮ ಹುಡುಗಿಯರು ತಿಳಿದಿರಬೇಕೆಂದು ಈ ಸಂಚಿಕೆಗಾಗಿ ಅವರ ಚರಿತ್ರೆಯನ್ನು ಬರೆಯುತ್ತಿದ್ದೇವೆ. ಇನ್ನೊಂದು ಕಾರಣವೂ ಉಂಟು. ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಉದ್ಯೋಗಾರ್ಥವಾಗಿ ಪರದೇಶಕ್ಕೆ ತೆರಳುವ ತಾಯ್ತಂದೆಯರು ಟಿ.ಸಿ. ಪಡೆಯಲು ಬಂದಾಗ, ಅಲ್ಲಿ ಮಗುವನ್ನು ಎಂಥ ಶಾಲೆಗೆ ಸೇರಿಸಬೇಕೆಂದು ನಮ್ಮನ್ನು ವಿಚಾರಿಸುವುದುಂಟು. ಶುಲ್ಕ, ದೂರ, ಪರೀಕ್ಷೆಗಳ ಮಾತು ಬೇಗನೆ ಮುಗಿಯುತ್ತದೆ. ಮಗುವು ಎಲ್ಲಿಯವಳಾಗಿ ಬೆಳೆಯಬೇಕೆಂಬ ಮಾತು ಮಾತ್ರ ಸುಲಭವಾಗಿ ಮುಗಿಯುವುದಿಲ್ಲ. ರಮಾಬಾಯಿಯವರಿಗೂ ಅದು ಸುಲಭವಾಗಿರಲಿಲ್ಲ.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಮಾಳದವರು. ಜನರ ವಿರೋಧವನ್ನು ಲಕ್ಷಿಸದೆ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದ ಪಂಡಿತರು. ಮಗಳು ಕೆಲವು ತಿಂಗಳ ಕೂಸಾಗಿದ್ದಾಗಲೇ ಆ ಕುಟುಂಬವು ಮನೆಯನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಮುಂದೆ ಪುರಾಣ ಓದುವುದೇ ಅವರ ಜೀವನೋಪಾಯ. ರಮಾಬಾಯಿಯವರು ಬಾಲ್ಯದಲ್ಲಿ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಿದವರಲ್ಲ. ತಾಯಿಯು ನಸುಕಿನಲ್ಲಿ ಎಬ್ಬಿಸಿ ಬಾಯಿಪಾಠ ಹೇಳಿಕೊಟ್ಟುದೇ ಅವರ ವಿದ್ಯೆ. 1874ರ ಸುಮಾರಿನ ಕ್ಷಾಮದಲ್ಲಿ ತಾಯ್ತಂದೆಯರು ಗತಿಸಿದರು. ಅಣ್ಣನೊಡನೆ ಕಾಲ್ನಡೆಯಲ್ಲಿ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಮುಟ್ಟಿದಾಗ, ಅಲ್ಲಿಯ ವಿದ್ವಾಂಸರು ಆಕೆಯ ಪಾಂಡಿತ್ಯವನ್ನು ಕಂಡು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಅಣ್ಣನ ಮರಣ, ಬಂಗಾಳದ ವಕೀಲ ವಿಪಿನ ಬಿಹಾರಿ ಮೇಧಾವಿಯವರೊಡನೆ ವಿವಾಹ, 1881ರಲ್ಲಿ ಮಗಳು ಮನೋರಮೆಯ ಜನನ, 1882ರಲ್ಲಿ ವೈಧವ್ಯ, ಇವೆಲ್ಲವೂ ಎರಡೇ ವರ್ಷಗಳೊಳಗೆ ಒದಗಿದವು.

ವೈದ್ಯವನ್ನು ಕಲಿಯಬೇಕೆಂಬ ಆಸೆಯಿಂದ 1883ರಲ್ಲಿ ಎರಡು ವರ್ಷದ ಮಗಳೊಡನೆ ಅವರು ಇಂಗ್ಲೆಂಡಿಗೆ ಹೊರಟರು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಮಠವು ಆಶ್ರಯ ಕೊಟ್ಟಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ತಾಯಿಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು. ಕಿವಿ ಮಂದವಾದ ಕಾರಣ ವೈದ್ಯದ ಆಸೆಯನ್ನು ಬಿಡಬೇಕಾಗಿ ಬಂದು, ಮರುವರ್ಷ ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜನ್ನು ಸೇರಿದರು. 1858ರಿಂದಲೇ ಅದರ ಮುಖ್ಯಾಧ್ಯಾಪಿಕೆಯಾಗಿದ್ದ ಡೊರೊಥಿಯಾ ಬೀಲ್ ಎಂಬಾಕೆಯು ಅವರನ್ನು ಬಹಳ ಆದರಿಸಿದಳು. ರಮಾಬಾಯಿಯವರು ಅಲ್ಲಿ ಸಂಸ್ಕೃತವನ್ನು ಕಲಿಸುತ್ತ, ತಾವು ಇಂಗ್ಲಿಷ್, ಗಣಿತ, ಪ್ರಕೃತಿಶಾಸ್ತ್ರಗಳನ್ನು ಕಲಿತರು.

ಆಗಲೇ ಮಗಳ ವಿಷಯವಾದ ವಿವಾದವೆದ್ದಿತು. ಮಗುವನ್ನು ಸಭೆಯ ಕ್ರಮದಲ್ಲಿ ತಾವೇ ಬೆಳೆಸಬೇಕೆಂಬುದು ಸಹೋದರಿಯರ ಇಷ್ಟ. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲವೆಂದು ನಾವು ನಂಬುತ್ತೇವೆ. ಆದರೆ ಬುದ್ಧಿ ಬಲಿಯದ ಕೂಸಿಗೆ ಗಹನವಾದ ಸಿದ್ಧಾಂತಗಳನ್ನು ತುಂಬುವುದು ರಮಾಬಾಯಿಯವರಿಗೆ ಒಪ್ಪಿಗೆಯಾಗಲಿಲ್ಲ. ತಾಯಿಯಾಗಿ ತಮಗಿರುವ ಹಕ್ಕನ್ನು ಉಪಕಾರದ ಭಾರಕ್ಕಾಗಿ ಬಿಟ್ಟುಕೊಡಲೂ ಇಲ್ಲ. ಮಗಳು ತಾನು ಹಿಂದೂದೇಶದವಳೆಂದು ಹೇಳಿಕೊಳ್ಳಲು ನಾಚುವಂತಾಗಬಾರದು, ಪರದೇಶದಲ್ಲಿ ಮನೆಮಾಡಿದವರ ಮಕ್ಕಳಲ್ಲಿ ಕಾಣುವ ಆ ಅಹಂಕಾರವು ಅವಳಿಗೆ ಅಂಟಬಾರದು ಎಂದು ಸಹೋದರಿಯರಿಗೆ ಸ್ಪಷ್ಟವಾಗಿ ಪತ್ರ ಬರೆದರು. ಅನ್ನವನ್ನೂ ಆಶ್ರಯವನ್ನೂ ಕೊಟ್ಟವರಿಗೆ ಹೀಗೆ ಬರೆಯುವುದಕ್ಕೆ ಎಷ್ಟು ಧೈರ್ಯ ಬೇಕೆಂಬುದನ್ನು, ಇತರರ ಧರ್ಮಾರ್ಥದಿಂದ ಓದಿದವರು ಬಲ್ಲರು. ಅದೇ ಕಾಲದಲ್ಲಿ ನಮ್ಮ ಕರಾವಳಿಯಲ್ಲಿದ್ದ ಬಾಸೆಲ್ ಮಿಶನ್ನಿನ ಪಾದ್ರಿಗಳು ತಮ್ಮ ಮಕ್ಕಳನ್ನು ಸಮುದ್ರದಾಚೆಯ ಬಾಸೆಲ್ ಪಟ್ಟಣದಲ್ಲಿ 1853ರಲ್ಲಿ ಸ್ಥಾಪಿತವಾದ ಮಕ್ಕಳ ಮನೆಗೆ ಕಳುಹಿಸುತ್ತಿದ್ದರು. ಆ ಮಕ್ಕಳು ಸ್ವದೇಶದ ಭಾಷೆಯಲ್ಲಿ ಬೆಳೆಯುವುದು ಸಹಜವಾದರೆ, ರಮಾಬಾಯಿಯವರ ಅಪೇಕ್ಷೆಯಲ್ಲಿ ಮೊಂಡುತನವನ್ನು ಕಾಣುವುದೇಕೆ?

1886ರಲ್ಲಿ ಆನಂದೀಬಾಯಿ ಜೋಶಿಯವರ ವೈದ್ಯಪದವಿ ಪ್ರದಾನವನ್ನು ನೋಡಲೆಂದು ಮಗಳೊಡನೆ ಅಮೇರಿಕೆಗೆ ಹೋದರು. ಅಲ್ಲಿ ಊರೂರು ತಿರುಗಿ ಉಪನ್ಯಾಸ ಮಾಡಬೇಕಾಗಿ ಬಂದಾಗ, ಮಗುವನ್ನು ಮರಳಿ ಅದೇ ವಾಂಟೇಜಿಗೇ ಕಳುಹಿಸಿದರು. ವಾದಿಸಿದವರ ಕೈಯಲ್ಲಿಯೇ ಮಗುವನ್ನಿಟ್ಟರಲ್ಲಾ ಎಂದು ಕೆಲವರಿಗೆ ತೋರಬಹುದು. ಒಂಟಿ ತಾಯಿಗೆ ಬೇರೆ ಮನೆಯೆಲ್ಲಿತ್ತು? ಸಹೋದರಿಯರೂ ವೈಮನಸ್ಯವನ್ನು ಮರೆತು ಮಗುವನ್ನು ಬರಮಾಡಿಕೊಂಡರು. ಇದು ಎರಡು ಪಕ್ಷಕ್ಕೂ ಶೋಭಿಸುವ ಸಂಗತಿಯೆಂದೇ ನಮ್ಮ ಅಭಿಪ್ರಾಯ. ತಾಯಿಯಾದರೋ ಫಿಲಡೆಲ್ಫಿಯಾದಲ್ಲಿ ಶಾಲೆಗಳನ್ನು ನೋಡುತ್ತ, ಫ್ರೊಬೆಲನ ಶಿಶುವಿಹಾರ ಪದ್ಧತಿಯನ್ನು ಕಲಿತರು. ಆಟ, ವಸ್ತು, ಹಾಡುಗಳಿಂದ ಕಲಿಸುವ ಆ ಕ್ರಮವನ್ನು ನಮ್ಮ ದೇಶಕ್ಕೆ ತರಬೇಕೆಂದು ಮರಾಠಿಯಲ್ಲಿ ಪಾಠಪುಸ್ತಕಗಳನ್ನು ಸಿದ್ಧಪಡಿಸಿದರು.

ಮಗಳಿಗೆ ತಕ್ಕ ಶಾಲೆಯು ಕಡೆಗೆ ಎಲ್ಲಿ ದೊರೆಯಿತೆಂದರೆ, ತಾಯಿಯೇ ಕಟ್ಟಿದ ಶಾಲೆಯಲ್ಲಿ. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು. ಮರುವರ್ಷ ಪುಣೆಗೆ ಬಂದಿತು. ಬಾಲವಿಧವೆಯರ ಜೊತೆಯಲ್ಲಿ, ಅವರ ಭಾಷೆಯನ್ನೇ ಆಡುತ್ತ ಮನೋರಮೆಯು ಬೆಳೆದಳು. 1896-97ರ ಕ್ಷಾಮದಲ್ಲಿ ನೂರಾರು ಹುಡುಗಿಯರನ್ನು ಕರೆತಂದು ರಮಾಬಾಯಿಯವರು ಕೇಡಗಾಂವಿನಲ್ಲಿ ಮುಕ್ತಿಸದನವನ್ನು ಬೆಳೆಸಿದ ಕಥೆಯನ್ನು ನಮ್ಮ ಓದುಗರು ಬಲ್ಲರು. ಮನೋರಮೆಯನ್ನು ಪುನಃ ಅಮೇರಿಕೆಗೆ ಓದಲು ಕಳುಹಿಸಿದ್ದು ಅವಳು ತನ್ನವರನ್ನೂ ತನ್ನ ನುಡಿಯನ್ನೂ ಚೆನ್ನಾಗಿ ಅರಿತ ಮೇಲೆ.

1900ರಲ್ಲಿ ಮರಳಿದ ಮನೋರಮಾಬಾಯಿಯವರು ತಾಯಿಯ ಶಾಲೆಯ ಆಡಳಿತವನ್ನು ವಹಿಸಿಕೊಂಡರು. 1912ರ ಸುಮಾರಿಗೆ ತಾಯಿಮಗಳಿಬ್ಬರೂ ಸೇರಿ, ಆಗ ನಿಜಾಮನ ರಾಜ್ಯಕ್ಕೆ ಸೇರಿದ್ದ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಶಾಲೆಯೊಂದನ್ನು ತೆರೆದರು. ಗಂಗಾಮೂಲದಿಂದ ಬುಟ್ಟಿಯಲ್ಲಿ ಹೊರಟ ಕೂಸು ಐವತ್ತು ವರ್ಷಗಳ ಮೇಲೆ, ಮಗಳ ಸಹಾಯದಿಂದ ಕನ್ನಡನಾಡಿಗೆ ಹೀಗೆ ಮರಳಿತು. ಮನೋರಮಾಬಾಯಿಯವರು 1921ರಲ್ಲಿ ತೀರಿಕೊಂಡರು. ವರ್ಷ ತುಂಬುವ ಮೊದಲೇ, 1922ರ ಏಪ್ರಿಲ್ 5ರಂದು, ತಾಯಿಯೂ ಪ್ರಭುವಿನಲ್ಲಿ ನಿದ್ರೆಹೋದರು.